ಮಡಿಕೇರಿಯ ಸೇನಾನಿಯ ಮನೆ

ಮದ್ದೂರು ಸೀಮೆಯ ಆತಕೂರು ಗ್ರಾಮದಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಪೂರ್ವಕಾಲದಲ್ಲಿ ಒಂದು ಶಿಲೆಯು ನಿಂತಿತ್ತು. ಕ್ರಿ. ಶ. ೯೪೯-೫೦ರ ಸುಮಾರಿನ ಆ ಶಾಸನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನ ಮೇಲೆ ಕಾದಿದುದೂ, ಆ ಕಾಳಗದಲ್ಲಿ ಗಂಗವಂಶದ ಬೂತುಗನೂ ಅವನ ಆಳಾದ ಮಣಲೆರನೂ ತೋರಿದ ಪರಾಕ್ರಮವೂ ಉಕ್ತವಾಗಿವೆ. ಆದರೆ ಆ ಕಲ್ಲನ್ನು ನಿಲ್ಲಿಸಿದುದು ಚಕ್ರವರ್ತಿಯ ಕೀರ್ತಿಗಾಗಿಯೂ ಅಲ್ಲ, ಬೂತುಗನ ಕೀರ್ತಿಗಾಗಿಯೂ ಅಲ್ಲ. ಮಣಲೆರನು ತನ್ನ ಒಡೆಯನಿಂದ ಮೆಚ್ಚುಗೊಡೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯು ಕಾಡುಹಂದಿಯೊಡನೆ ಹೆಣಗಿ, ಹಂದಿಯೂ ತಾನೂ ಒಟ್ಟಿಗೆ ಮಡಿದುದರಿಂದ, ಆ ನಾಯಿಯ ನೆನಪಿಗೆ ಅದನ್ನು ನೆಟ್ಟು, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟರು. ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಶಿಲೆಯನ್ನು ನೋಡಿದವರಿಗೆ ಒಂದು ತತ್ತ್ವವು ಹೊಳೆಯದೆ ಇರದು. ಚಿಕ್ಕವರಿಗಾಗಿ ನಿಂತ ಸ್ಮಾರಕವು ದೊಡ್ಡವರ ಹೆಸರನ್ನೂ ಕಾಪಾಡುತ್ತದೆ. ದೊಡ್ಡವರಿಗಾಗಿಯೇ ಕಟ್ಟಿದ ಸ್ಮಾರಕದಲ್ಲಿ ಚಿಕ್ಕವರು ಬಹುಮಟ್ಟಿಗೆ ಮರೆಯಾಗುತ್ತಾರೆ.

ಕನ್ನಡ ನಾಡಿನಲ್ಲಿ ವೀರಗಲ್ಲುಗಳಿಗೆ ಲೆಕ್ಕವಿಲ್ಲ. ತುರುಗಳನ್ನು ಮರಳಿಸಲು ಹೋಗಿ ಸತ್ತವನು, ಊರಿನ ಮೇಲೆ ಬಿದ್ದ ಕಳ್ಳರನ್ನು ತಡೆದು ಸತ್ತವನು, ಹುಲಿಯೊಡನೆ ಸೆಣಸಿ ಸತ್ತವನು, ಇವರೆಲ್ಲರೂ ಅರಸರಷ್ಟೇ ಹಕ್ಕಿನಿಂದ ಆ ಕಲ್ಲುಗಳಲ್ಲಿ ನೆಲೆಸಿದ್ದಾರೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ದೇವಾಂಗನೆಯರೊಡನೆ ಊರ್ಧ್ವಗಮನ, ಮೇಲೆ ಕೈಲಾಸ, ಹೀಗೆ ಶಿಲ್ಪಿಯು ಒಬ್ಬ ಸಾಮಾನ್ಯನ ಬಾಳನ್ನು ಮೂರು ಪಟ್ಟಿಗಳಲ್ಲಿ ಮುಗಿಸುತ್ತಿದ್ದನು. ಇಷ್ಟರಿಂದಲೇ ನಮ್ಮ ಹಿರಿಯರು ತೃಪ್ತರಾಗಲಿಲ್ಲ. ಸತ್ತವನ ಮನೆಯವರಿಗೆ ಭೂಮಿಯನ್ನು ಕೊಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆಯೆಂದು ಹೆಸರು. ರಕ್ತಕ್ಕೆ ಪ್ರತಿಯಾಗಿ ಕೊಟ್ಟುದೆಂಬ ಈ ಕಠೋರವಾದ ಮಾತಿನಲ್ಲಿ ಬದುಕಿದವರು ಸತ್ತವರಿಗೆ ಸಾಲಗಾರರೆಂಬ ಒಪ್ಪಿಗೆಯೂ ಅಡಗಿದೆ. ಯುದ್ಧಸ್ಮಾರಕವೆಂಬುದು ಅಲಂಕಾರವಲ್ಲ, ಋಣಪತ್ರವು.

ಈ ಋಣಪತ್ರದ ಒಂದು ಹೊಸ ಪುಟವು ಮಡಿಕೇರಿಯಲ್ಲಿ ತೆರೆದಿದೆ. ಭಾರತದ ಭೂಸೇನಾಧಿಪತಿಯಾಗಿದ್ದ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರ ‘ಸನ್ನಿ ಸೈಡ್’ ಎಂಬ ಮನೆಯು ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯವಾಗಿ ಮಾರ್ಪಟ್ಟು, ೨೦೨೧ನೆಯ ಇಸವಿ ಫೆಬ್ರವರಿ ೬ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಉದ್ಘಾಟಿತವಾಯಿತು. ಅದಕ್ಕೆ ಮೊದಲು ಈ ಮನೆಯಲ್ಲಿ ಸಾರಿಗೆ ಇಲಾಖೆಯ ಕಚೇರಿಯು ನಡೆಯುತ್ತಿತ್ತು. ಸೇನಾನಿಯು ಬಾಲ್ಯದಲ್ಲಿ ಓಡಾಡಿದ ಕೋಣೆಗಳಲ್ಲಿ ಗಾಡಿಗಳ ರಹದಾರಿ ಪತ್ರಗಳು ಬಹುಕಾಲ ಸಿದ್ಧವಾಗುತ್ತಿದ್ದುವೆಂಬುದನ್ನು ನೆನೆದರೆ, ಮರೆವು ಎಷ್ಟು ಸದ್ದಿಲ್ಲದೆ ಮನೆಯೊಳಗೆ ಬರುತ್ತದೆಂಬುದು ತಿಳಿಯುತ್ತದೆ. ಈಗ ಅಂಗಳದಲ್ಲಿ ಯುದ್ಧಸ್ಮಾರಕವೂ ಸೇನೆಯ ಟ್ಯಾಂಕೂ, ಒಳಗೆ ಆಯುಧಗಳೂ ಚಿತ್ರಗಳೂ ಸೇನಾನಿಯ ಜೀವನದ ಘಟ್ಟಗಳನ್ನು ತಿಳಿಸುವ ಬರಹಗಳೂ ಇವೆ.

ಇಂತಹ ಆಲಯವು ಕೊಡಗಿನಲ್ಲಿ ಹುಟ್ಟಿದುದು ಆಕಸ್ಮಿಕವಲ್ಲ. ೨೦೧೧ರ ಜನಗಣತಿಯಂತೆ ಈ ಜಿಲ್ಲೆಯ ಜನಸಂಖ್ಯೆ ೫,೫೪,೫೧೯. ಒಂದು ನಡುತರದ ನಗರದಷ್ಟು ಮಾತ್ರ. ಇಷ್ಟು ಕಿರಿದಾದ ನಾಡು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರನ್ನೂ ಜನರಲ್ ತಿಮ್ಮಯ್ಯನವರನ್ನೂ ಒಂದೇ ಕೊಡಂದೇರ ಒಕ್ಕದಿಂದ ದೇಶಕ್ಕೆ ಕೊಟ್ಟಿತು. ಇಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ನೆರೆಯವರಿಗೆ ತಿಳಿಸುವುದೂ, ಸಾವಾದರೆ ಒಂದರ ಬೆನ್ನಿಗೆ ಒಂದಾಗಿ ಎರಡು ಗುಂಡು ಹಾರಿಸುವುದೂ ಹಿಂದಿನಿಂದ ಬಂದ ಕೊಡವರ ಸಂಪ್ರದಾಯ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ಕೋವಿ ಕತ್ತಿಗಳನ್ನು ತೊಳೆದಿಟ್ಟು, ಸಂಸ್ಕೃತದಲ್ಲಿ ಅಗ್ನಿಶಿಖೆಯೆಂದು ಹೆಸರಾದ ತೋಕ್‌ಪೂವನ್ನು ಕೋವಿಗೆ ಮುಡಿಸಿ ಪೂಜಿಸುತ್ತಾರೆ. ಐನ್‌ಮನೆಯ ಬಳಿಯ ಕೈಮಡದಲ್ಲಿ ಕುಲದ ಹಿರಿಯನಾದ ಕಾರಣನಿಗೆ ಎಡೆಯಿಡುವ ರೂಢಿಯೂ ಉಂಟು. ಜಮ್ಮಾ ಭೂಮಿಯೆಂಬುದು ಇದೇ ಬಾಳಿನ ಆರ್ಥಿಕ ಮುಖವು. ಅರಸನಿಗೆ ಬೇಕಾದಾಗ ಆಯುಧ ಹಿಡಿದು ಹೊರಡುವ ಹೊಣೆಯನ್ನು ಹೊತ್ತವನಿಗೆ ಹಗುರವಾದ ಕಂದಾಯದಲ್ಲಿ ವಂಶಪಾರಂಪರ್ಯವಾಗಿ ನಡೆದುಬಂದ ಹಿಡುವಳಿಯದು. ನೆತ್ತರುಗೊಡಗೆಯು ಸತ್ತ ಮೇಲೆ ಸಲ್ಲುವ ಕೊಡುಗೆಯಾದರೆ, ಜಮ್ಮಾ ಭೂಮಿಯು ಸಾವಿಗೆ ಮೊದಲೇ ಸಲ್ಲುವ ಕೊಡುಗೆಯೆಂದು ಹೇಳಬಹುದು. ಆಂಗ್ಲರು ಕೂಡ ೧೮೬೧ರಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧಗಳ ಪರವಾನಗಿಯಿಂದ ವಿನಾಯಿತಿಯನ್ನು ಕೊಟ್ಟರು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಕೊಡಗಿನ ಹೆಸರನ್ನು ಹೊತ್ತ ಪದಾತಿದಳವೊಂದು ಏರ್ಪಟ್ಟು, ಯುದ್ಧಾನಂತರ ಫಿರಂಗಿ ಪಡೆಗೆ ಸೇರಿತು.

ತಿಮ್ಮಯ್ಯನವರ ಚರಿತ್ರೆಯು ವಿದ್ಯಾವಂತರಿಗೆ ಅಪರಿಚಿತವಲ್ಲವಾದರೂ, ಈ ಮನೆಯ ಅರ್ಥವು ತಿಳಿಯಬೇಕಾದರೆ ಅದನ್ನು ಸಂಕ್ಷೇಪವಾಗಿಯಾದರೂ ಸ್ಮರಿಸಬೇಕು. ಅವರು ಹುಟ್ಟಿದುದು ೧೯೦೬ನೆಯ ಇಸವಿ ಮಾರ್ಚಿ ೩೧ರಂದು, ಮಡಿಕೇರಿಯಲ್ಲಿ. ತಂದೆ ಸುಬ್ಬಯ್ಯನವರು ಕಾಫಿ ತೋಟದ ಒಡೆಯರು. ತಾಯಿಯವರು ಲೋಕಸೇವೆಗಾಗಿ ಕೈಸರ್-ಇ-ಹಿಂದ್ ಪದಕವನ್ನು ಪಡೆದವರು. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟಿನಲ್ಲಿ ಶಿಕ್ಷಣವನ್ನು ಮುಗಿಸಿ ೧೯೨೬ರಲ್ಲಿ ಅಧಿಕಾರಿಯಾದ ತಿಮ್ಮಯ್ಯನವರು ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಆರಾಕಾನ್ ಪ್ರಾಂತದಲ್ಲಿ ಜಪಾನೀಯರೊಡನೆ ಕಾದಿ ಹೆಸರು ಗಳಿಸಿದರು. ೧೯೪೮ರಲ್ಲಿ ಕಾಶ್ಮೀರದ ವಿಭಾಗವೊಂದರ ನಾಯಕತ್ವವು ಅವರ ಪಾಲಿಗೆ ಬಂದಿತು. ಆಗ ಶತ್ರುಗಳು ಲಡಾಖಿನ ದಾರಿಯಾದ ಜೋಜಿ ಲಾ ಕಣಿವೆಯನ್ನು ಹಿಡಿದಿದ್ದರು. ಹನ್ನೊಂದು ಸಾವಿರ ಅಡಿಗಳಿಗೂ ಎತ್ತರದ ಆ ಹಿಮದ ಕಣಿವೆಗೆ ಟ್ಯಾಂಕುಗಳು ಏರಬಲ್ಲುವೆಂದು ಯಾರೂ ಎಣಿಸಿರಲಿಲ್ಲ. ೧೯೪೮ರ ನವೆಂಬರ್ ೧ರಂದು ಏಳನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಅಲ್ಲಿ ಕಾಣಿಸಿಕೊಂಡಾಗ ಶತ್ರುವಿನ ಧೈರ್ಯವು ಉಡುಗಿತು. ತಿಮ್ಮಯ್ಯನವರು ಸ್ವತಃ ಮುಂದಿನ ಟ್ಯಾಂಕಿನಲ್ಲಿದ್ದರು.

ಇಲ್ಲಿ ಆತಕೂರಿನ ಕಲ್ಲನ್ನು ಮತ್ತೆ ನೆನೆಯಬೇಕು. ಹೇಸರಗತ್ತೆಗಳು ನಡೆಯುವಷ್ಟೇ ಅಗಲವಿದ್ದ ಆ ದಾರಿಯನ್ನು ಟ್ಯಾಂಕು ಹೋಗುವಷ್ಟು ಅಗಲ ಮಾಡಿದವರು ಯಾರು? ಬೆಂಗಳೂರಿನಲ್ಲಿ ನೆಲೆಯುಳ್ಳ ಮದರಾಸು ಸ್ಯಾಪರ್ಸ್ ದಳದವರು, ಗುದ್ದಲಿ ಸಿಡಿಮದ್ದುಗಳಿಂದ ಕೆಲಸಮಾಡಿದ ದಕ್ಷಿಣದೇಶದ ಜವಾನರು. ಸೇನಾನಿಯ ಧೈರ್ಯವು ಅವರ ಬೆವರಿನ ಮೇಲೆ ಉರುಳಿಕೊಂಡು ಹೋಯಿತು. ಸೇನಾನಿಯ ಮನೆಯನ್ನು ನೋಡಲು ಬಂದ ಬಾಲಕನಿಗೆ ಇದನ್ನು ಹೇಳದೆ ಟ್ಯಾಂಕನ್ನು ಮಾತ್ರ ತೋರಿಸಿದರೆ ಅರ್ಧ ಪಾಠವನ್ನು ಹೇಳಿದಂತಾಗುವುದು.

ತರುವಾಯದ ಸೇವೆಯು ಇನ್ನೊಂದು ಬಗೆಯದು. ೧೯೫೩ರಲ್ಲಿ ಕೊರಿಯಾದ ಯುದ್ಧವು ನಿಂತಾಗ, ೨೨,೦೦೦ಕ್ಕೂ ಮಿಕ್ಕ ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ಸ್ವದೇಶಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಅವರ ವಿಷಯವನ್ನು ವಿಚಾರಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ಎರಡು ಪಕ್ಷದವರ ರೋಷದ ನಡುವೆ ನಿಂತು ಆ ಕಾರ್ಯವನ್ನು ನಡೆಯಿಸಿದುದರಿಂದ ೧೯೫೪ರಲ್ಲಿ ಅವರಿಗೆ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ೧೯೫೭ರಿಂದ ೧೯೬೧ರ ವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು ನಿವೃತ್ತರಾದ ಮೇಲೆ, ೧೯೬೪ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲಕ ಪಡೆಗೆ ನಾಯಕರಾಗಿ, ೧೯೬೫ರ ಡಿಸೆಂಬರ್ ೧೮ರಂದು ಆ ಹುದ್ದೆಯಲ್ಲಿರುವಾಗಲೇ ಹೃದಯಾಘಾತದಿಂದ ಅಲ್ಲಿ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರಕಾರವು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು. ಯೋಧನಾಗಿ ಬೆಳೆದವನ ಕೊನೆಯ ಕೆಲಸವು ಪರದೇಶದ ಎರಡು ಜನಾಂಗಗಳು ಪರಸ್ಪರ ಕೊಲ್ಲದಂತೆ ತಡೆಯುವುದಾಗಿತ್ತು.

ಇಷ್ಟಾದರೂ ಇದು ತಿಮ್ಮಯ್ಯನವರೊಬ್ಬರ ಮನೆಯಲ್ಲ. ಇಲ್ಲಿಂದ ಮೂವರು ಸೋದರರು ಸೈನ್ಯಕ್ಕೆ ಹೋದರು. ಹಿರಿಯವರಾದ ಪೊನ್ನಪ್ಪನವರು ನೇತಾಜಿಯವರ ಆಜಾದ್ ಹಿಂದ್ ಸೇನೆಯನ್ನು ಸೇರಿದರು. ನಡುವಿನವರಾದ ತಿಮ್ಮಯ್ಯನವರು ಆಂಗ್ಲ ಸರಕಾರದ ಭಾರತೀಯ ಸೇನೆಯಲ್ಲಿದ್ದು ಆ ಸೇನೆಯ ವಿರುದ್ಧ ಪಕ್ಷದಲ್ಲಿ ಕಾದಿದರು. ಕಿರಿಯವರಾದ ಸೋಮಯ್ಯನವರು ಕಾಶ್ಮೀರದ ಯುದ್ಧದಲ್ಲಿ ನೆಲದಲ್ಲಿ ಹುದುಗಿಸಿದ ಸಿಡಿಗುಂಡಿನಿಂದ ಮರಣ ಹೊಂದಿದರು. ಒಂದೇ ತಾಯಿಯ ಮಡಿಲಿನಿಂದ ಎದ್ದವರು ಎರಡು ಧ್ವಜಗಳ ಕೆಳಗೆ ನಿಂತರು, ಅವರಲ್ಲಿ ಒಬ್ಬರು ಮರಳಲಿಲ್ಲ. ಅಣ್ಣನದು ದೇಶಭಕ್ತಿಯೋ ತಮ್ಮನದು ದೇಶಭಕ್ತಿಯೋ ಎಂದು ಕೇಳುವವನು ಈ ಮನೆಯ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಬೇಕು. ಹಿರಿಯರು ದಾಸ್ಯವನ್ನು ಮುರಿಯಲು ಹೊರಟರು. ನಡುವಿನವರು ನಾಳೆಯ ಸ್ವತಂತ್ರ ದೇಶಕ್ಕೆ ಬೇಕಾಗುವ ಸೇನೆಯೊಳಗೆ ಬೆಳೆದರು, ಆ ಸ್ವಾತಂತ್ರ್ಯವು ಬಂದ ಮರುವರ್ಷವೇ ಲಡಾಖಿನ ದಾರಿಯನ್ನು ಅವರೇ ಬಿಡಿಸಬೇಕಾಯಿತು.

ಮಹಾಭಾರತದ ಸ್ತ್ರೀಪರ್ವವನ್ನು ಓದಿದವರಿಗೆ ಈ ಸಂದರ್ಭವು ಹೊಸದಾಗಿ ತೋರದು. ಯುದ್ಧವು ಮುಗಿದ ಮೇಲೆ ಗಂಗಾತೀರದಲ್ಲಿ ಮೃತರಿಗೆ ಜಲದಾನವು ನಡೆಯುತ್ತಿರುವಾಗ ಕುಂತಿಯು ಮಕ್ಕಳಿಗೆ ಕರ್ಣನು ಅವರ ಅಣ್ಣನೆಂಬ ರಹಸ್ಯವನ್ನು ಹೇಳಿ, ಅವನಿಗೂ ನೀರನ್ನು ಬಿಡುವಂತೆ ಬೇಡುತ್ತಾಳೆ. ಜಯಿಸಿದ ಧರ್ಮರಾಯನು ಆ ಮಾತನ್ನು ಕೇಳಿ ಸೋತವನಂತೆ ದುಃಖಿಸುತ್ತಾನೆ. ಎದುರುಪಕ್ಷದಲ್ಲಿ ನಿಂತವನಿಗೆ ತರ್ಪಣವನ್ನು ಕೊಡದೆ ಕುರುಕ್ಷೇತ್ರವು ಮುಗಿಯಲಿಲ್ಲ. ಕಥೆಯಲ್ಲಿ ಆ ಸತ್ಯವು ತಡವಾಗಿ ಬಂದಿತು. ಮಡಿಕೇರಿಯ ಮನೆಯಲ್ಲಿ ಅದು ಮೊದಲೇ ಎಲ್ಲರಿಗೂ ತಿಳಿದಿದೆ. ಅದನ್ನು ಗೋಡೆಯ ಮೇಲೆ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂಬುದೊಂದೇ ಪ್ರಶ್ನೆ.

ಮನೆಗೆ ಅನ್ವಯಿಸುವ ಈ ಮಾತು ಊರಿಗೂ ಅನ್ವಯಿಸುತ್ತದೆ. ೧೮೩೪ರಲ್ಲಿ ಆಂಗ್ಲರ ಕುಂಪಣಿಯು ಕೊಡಗಿನ ಅರಸನಾದ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿತು. ಧಾನ್ಯರೂಪದಲ್ಲಿದ್ದ ಕಂದಾಯವನ್ನು ನಾಣ್ಯರೂಪದಲ್ಲಿ ಸಲ್ಲಿಸಬೇಕೆಂಬ ಕುಂಪಣಿಯ ಹೊಸ ಏರ್ಪಾಡಿನಿಂದ ಅಮರ ಸುಳ್ಯದ ರೈತರು ನೊಂದು, ೧೮೩೭ರಲ್ಲಿ ಬಂಡಾಯವೆದ್ದು, ಮಂಗಳೂರಿನ ವರೆಗೆ ನುಗ್ಗಿದರು. ಬಂಡಾಯದ ಪ್ರಮುಖರಲ್ಲಿ ಒಬ್ಬನಾದ ಸುಬೇದಾರ್ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಆ ವರ್ಷದ ಅಕ್ಟೋಬರ್ ೩೧ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದರು. ಅದೇ ಬಂಡಾಯವನ್ನು ಅಡಗಿಸಲು ನೆರವಾದ ಕೊಡಗರಿಗೆ ಕುಂಪಣಿಯವರು ಚಿನ್ನದ ಮತ್ತು ಬೆಳ್ಳಿಯ ಪದಕಗಳನ್ನು ಹೊಯ್ಸಿ ಹಂಚಿದರು. ಇಂದು ಅಪ್ಪಯ್ಯಗೌಡನ ಪ್ರತಿಮೆಯು ಮಡಿಕೇರಿಯಲ್ಲಿಯೇ ನಿಂತಿದೆ. ಕಾರ್ಯಪ್ಪ ತಿಮ್ಮಯ್ಯನವರ ಪ್ರತಿಮೆಗಳೂ ಅದೇ ಊರಿನಲ್ಲಿವೆ. ಒಂದು ಊರಿನ ವೀರಚರಿತ್ರೆಯು ಒಂದೇ ದಿಕ್ಕಿಗೆ ಹರಿಯುವ ಹೊಳೆಯಲ್ಲ. ಸೇವೆಯೆಂಬ ಪದವನ್ನು ಉಚ್ಚರಿಸಿದ ಕೂಡಲೇ ಯಾರ ಸೇವೆಯೆಂಬ ಪ್ರಶ್ನೆಯು ಏಳುತ್ತದೆ. ಆ ಪ್ರಶ್ನೆಗೆ ಹೆದರಿ ಒಂದು ಪುಟವನ್ನು ಕಿತ್ತರೆ ಉಳಿದ ಪುಟಗಳೂ ಸಡಿಲವಾಗುತ್ತವೆ.

ಕಿತ್ತ ಪುಟಗಳ ಮಾತು ಹೀಗಿರಲು, ಬರೆಯದೆಯೇ ಉಳಿದ ಪುಟವೊಂದರ ವೃತ್ತಾಂತವು ಇನ್ನೂ ಮನಮುಟ್ಟುವಂಥದು. ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರು ಭಾರತೀಯ ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ೧೯೬೫ನೆಯ ಇಸವಿ ಸೆಪ್ಟೆಂಬರ್ ೭ರ ಮುಂಜಾನೆ ಪಂಜಾಬಿನ ಆದಂಪುರದಿಂದ ಮಿಸ್ಟೇರ್ ಜಾತಿಯ ಹನ್ನೆರಡು ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಿಮಾನನೆಲೆಯ ಮೇಲೆ ದಾಳಿಗೆ ಹೊರಟುವು. ದೇವಯ್ಯನವರು ಆ ಹನ್ನೆರಡರಲ್ಲಿ ಒಬ್ಬರಾಗಿರಲಿಲ್ಲ. ಯಾವುದಾದರೊಂದು ವಿಮಾನವು ಕೆಟ್ಟರೆ ಅದರ ಸ್ಥಾನವನ್ನು ತುಂಬಲು ಕಾದಿದ್ದವರು. ಒಂದು ಕೆಟ್ಟಿತು; ಅವರು ಹೊರಟರು. ಮರಳಿದವರಲ್ಲಿ ಅವರಿರಲಿಲ್ಲ. ಕಣ್ಣಾರೆ ಕಂಡವರು ಯಾರೂ ಇಲ್ಲದುದರಿಂದ ಅವರ ಅಂತ್ಯವು ಹೇಗಾಯಿತೆಂಬುದು ಭಾರತದಲ್ಲಿ ಯಾರಿಗೂ ತಿಳಿಯಲಿಲ್ಲ. ದೇಹವು ಮನೆಗೆ ಬರಲಿಲ್ಲ. ಕಾಣೆಯಾದವರೆಂಬ ಪಟ್ಟಿಯಲ್ಲಿ ಅವರ ಹೆಸರು ಸೇರಿತು.

ಹದಿನಾಲ್ಕು ವರ್ಷಗಳ ಮೇಲೆ, ೧೯೭೯ರಲ್ಲಿ, ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕನು ಪಾಕಿಸ್ತಾನದ ಪಕ್ಷದಿಂದ ಆ ವಾಯುಯುದ್ಧದ ಚರಿತ್ರೆಯನ್ನು ಬರೆದು ಪ್ರಕಟಿಸಿದನು. ಅದರಿಂದ ನಿಜವು ಹೊರಬಿದ್ದಿತು. ಧ್ವನಿಯ ಎರಡರಷ್ಟು ವೇಗದಿಂದ ಹಾರಬಲ್ಲ ಸ್ಟಾರ್‌ಫೈಟರ್ ಎಂಬ ವಿಮಾನದಲ್ಲಿ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನದ ಯೋಧನು ಮಿಸ್ಟೇರ್ ಒಂದನ್ನು ಬೆನ್ನಟ್ಟಿ ಹೊಡೆದನು. ಪೆಟ್ಟು ತಿಂದ ಆ ಮಿಸ್ಟೇರ್ ಓಡದೆ ಹಿಂದಿರುಗಿ ಕಾದಿ ಸ್ಟಾರ್‌ಫೈಟರನ್ನು ನೆಲಕ್ಕೆ ಉರುಳಿಸಿತು. ಹುಸೇನನು ಕೊಡೆಯ ನೆರವಿನಿಂದ ಇಳಿದು ಬದುಕಿದನು. ಮಿಸ್ಟೇರಿನಲ್ಲಿದ್ದವನು ಅಲ್ಲಿಯೇ ಮಡಿದನು. ಆ ಯೋಧನು ದೇವಯ್ಯನವರಲ್ಲದೆ ಬೇರೊಬ್ಬನಾಗಿರಲು ಸಾಧ್ಯವಿಲ್ಲವೆಂಬುದು ವಿಚಾರಣೆಯಿಂದ ಖಚಿತವಾಯಿತು. ದಾಳಿಯ ನಾಯಕರಾಗಿದ್ದ ಓ. ಪಿ. ತನೇಜಾ ಅವರು ತಮ್ಮ ಜತೆಗಾರನಿಗೆ ನ್ಯಾಯವು ಸಲ್ಲಬೇಕೆಂದು ಶ್ರಮಿಸಿದರು. ೧೯೮೮ರಲ್ಲಿ, ಎಂದರೆ ಮರಣದ ಇಪ್ಪತ್ತಮೂರು ವರ್ಷಗಳ ತರುವಾಯ, ದೇವಯ್ಯನವರಿಗೆ ಮಹಾವೀರಚಕ್ರವು ಸಂದಿತು. ಅದನ್ನು ಅವರ ಪತ್ನಿಯು ಸ್ವೀಕರಿಸಿದರು.

ಇಪ್ಪತ್ತಮೂರು ವರ್ಷಗಳೆಂದರೆ ಒಂದು ಮಗುವು ಬೆಳೆದು ಸಂಸಾರಸ್ಥನಾಗುವಷ್ಟು ಕಾಲ. ಅಷ್ಟು ಕಾಲವೂ ಒಂದು ಮನೆಯು ಉತ್ತರವಿಲ್ಲದ ಪ್ರಶ್ನೆಯೊಡನೆ ಬಾಳಿತು. ಕೊನೆಗೆ ಉತ್ತರವನ್ನು ತಂದುಕೊಟ್ಟುದು ಶತ್ರುಪಕ್ಷದ ಸಾಕ್ಷ್ಯವೆಂಬುದನ್ನು ಮರೆಯಲಾಗದು. ಎದುರಾಳಿಯು ತನ್ನ ಸೋಲನ್ನು ಮುಚ್ಚಿಟ್ಟಿದ್ದರೆ ಕೊಡಗಿನ ಈ ವೀರನ ಕೃತ್ಯವು ಆಕಾಶದಲ್ಲಿಯೇ ಕರಗಿಹೋಗುತ್ತಿತ್ತು. ಇಂತಹ ಸಾಕ್ಷ್ಯವು ದೊರೆಯದೆ ಹೋದ ಜವಾನರೂ ಸುಬೇದಾರರೂ ಎಷ್ಟು ಮಂದಿ ಇರಬೇಕೆಂಬ ಯೋಚನೆಯು ಇಲ್ಲಿ ಬರದೆ ಇರದು.

ಅದೇ ೧೯೬೫ರ ಸೆಪ್ಟೆಂಬರಿನಲ್ಲಿ ಮಡಿಕೇರಿಯ ಇನ್ನೊಂದು ಮನೆಯಲ್ಲಿಯೂ ಕಳವಳವು ಮೂಡಿತ್ತು. ‘ರೋಶನಾರಾ’ ಎಂಬ ಆ ಮನೆಯು ೧೯೪೯ರ ಜನವರಿ ೧೫ರಂದು ಭಾರತೀಯ ಸೇನೆಯ ಪ್ರಥಮ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರದು. ಅವರ ಮಗನ ವಿಮಾನವು ಸೆಪ್ಟೆಂಬರ್ ೨೨ರಂದು ಪಾಕಿಸ್ತಾನದಲ್ಲಿ ಉರುಳಿ, ಆತನು ಸೆರೆಸಿಕ್ಕಿದನು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನರು ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸಮಾಡಿದವರು. ಮಗನ ವಿಷಯದಲ್ಲಿ ವಿಶೇಷ ಅನುಕೂಲವನ್ನು ಮಾಡುವೆವೆಂಬ ಸಂದೇಶವು ಅವರಿಂದ ಬಂದಾಗ, ಸೆರೆಯಲ್ಲಿರುವವರೆಲ್ಲರೂ ತಮ್ಮ ಮಕ್ಕಳೇ, ಒಬ್ಬನಿಗೆ ಮಾತ್ರ ವಿನಾಯಿತಿ ಬೇಡವೆಂಬ ಅರ್ಥದ ಉತ್ತರವನ್ನು ಕಾರ್ಯಪ್ಪನವರು ಕಳುಹಿಸಿದರೆಂಬುದು ಲೋಕವಿಖ್ಯಾತವಾಗಿದೆ. ೧೯೮೬ರಲ್ಲಿ ದೊರೆತ ಫೀಲ್ಡ್ ಮಾರ್ಷಲ್ ಪದವಿಗಿಂತ ಈ ಒಂದು ಉತ್ತರವು ಅವರನ್ನು ಎತ್ತರಕ್ಕೇರಿಸಿತೆಂದರೆ ತಪ್ಪಾಗದು. ಸೇನಾನಿಯ ಮಗನೂ ಹೆಸರಿಲ್ಲದ ಸಿಪಾಯಿಯ ಮಗನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂಬುದು ಆ ತಂದೆಯ ನ್ಯಾಯ.

ಸನ್ನಿ ಸೈಡ್ ಮನೆಗೆ ಬೇಕಾದ ಸೂತ್ರವೂ ಇದೇ. ಕೋವಿ, ಫಿರಂಗಿ, ಟ್ಯಾಂಕುಗಳು ಬಾಲಕರ ಕಣ್ಣನ್ನು ಸೆಳೆಯುವುದು ಸಹಜ, ಅವು ಅಲ್ಲಿರುವುದೂ ಯುಕ್ತವೇ. ಆದರೆ ಆಯುಧವು ತನ್ನ ಕಥೆಯಲ್ಲಿ ಅರ್ಧವನ್ನು ಮಾತ್ರ ಹೇಳಬಲ್ಲದು. ಉಳಿದರ್ಧವನ್ನು ಹೇಳಬೇಕಾದುದು ಮನೆಗಳ ಪೆಟ್ಟಿಗೆಗಳಲ್ಲಿರುವ ಹಳೆಯ ಪತ್ರಗಳು, ಮಡಿದವನ ಸಮಾಚಾರವನ್ನು ತಂದ ತಂತಿ, ತಿಂಗಳಿಗೊಮ್ಮೆ ಖಜಾನೆಯಿಂದ ಪಿಂಚಣಿಯನ್ನು ಪಡೆಯುತ್ತಿದ್ದ ವಿಧವೆಯ ಪುಸ್ತಕ. ನೆತ್ತರುಗೊಡಗೆಯ ಕಾಲದಲ್ಲಿ ಇವುಗಳ ಕೆಲಸವನ್ನು ಕಲ್ಲೊಂದೇ ಮಾಡುತ್ತಿತ್ತು. ಕಾಗದಕ್ಕೆ ಕಲ್ಲಿನ ಆಯುಷ್ಯವಿಲ್ಲ; ಕೊಡಗಿನ ಮಳೆಗಾಲದಲ್ಲಿ ಅದಕ್ಕೆ ಇನ್ನೂ ಅಲ್ಪಾಯುಷ್ಯ. ಕೊಡವರು, ಗೌಡರು, ಮಾಪಿಳ್ಳೆಗಳು, ಇತರ ಸಕಲ ಕುಲದವರು ತಂತಮ್ಮ ಮನೆಗಳಿಂದ ಹೊರಟು ಮರಳದೆ ಹೋದವರ ಹೆಸರುಗಳನ್ನು ಗ್ರಾಮಗ್ರಾಮವಾಗಿ ಬರೆದಿಡುವುದು ಇಂದು ಬದುಕಿರುವ ಹಿರಿಯರ ನೆನಪು ಮಾಸುವುದರೊಳಗೆ ಆಗಬೇಕಾದ ಕಾರ್ಯ.

ಸ್ತ್ರೀಪರ್ವದಲ್ಲಿ ಇನ್ನೊಂದು ವಿಷಯವೂ ಉಂಟು. ರಣಭೂಮಿಯಲ್ಲಿ ಬಿದ್ದವರಲ್ಲಿ ಹೇಳಕೇಳುವವರಿಲ್ಲದ ಅನಾಥರೂ ಇರುವುದನ್ನು ಅರಿತ ಯುಧಿಷ್ಠಿರನು, ವಿದುರ ಸಂಜಯಾದಿಗಳನ್ನು ಕರೆದು, ಅವರಲ್ಲಿ ಒಬ್ಬರೂ ಸಂಸ್ಕಾರವಿಲ್ಲದೆ ಉಳಿಯಬಾರದೆಂದು ಆಜ್ಞಾಪಿಸುತ್ತಾನೆ. ಪಟ್ಟಾಭಿಷೇಕಕ್ಕೆ ಮುಂಚೆಯೇ ಧರ್ಮರಾಯನು ಮಾಡಿದ ಆಜ್ಞೆಯಿದು. ರಾಜ್ಯವನ್ನು ಗೆದ್ದವನಿಗೆ ಮೊದಲನೆಯ ಕರ್ತವ್ಯವಾಗಿ ತೋರಿದುದು ಹೆಸರಿಲ್ಲದವರ ಲೆಕ್ಕ.

ಮಡಿಕೇರಿಗೆ ಹೋದವರು ರಾಜಾಸೀಟಿನ ಬಳಿ ಸೂರ್ಯಾಸ್ತವನ್ನು ನೋಡಿ, ಕೋಟೆಯನ್ನು ಸುತ್ತಿ, ಕಿತ್ತಳೆ ಕಾಫಿಗಳನ್ನು ಕೊಂಡು ಹಿಂದಿರುಗುವುದು ವಾಡಿಕೆ. ಅವರು ಸೇನಾನಿಯ ಮನೆಗೂ ಹೋಗಲಿ. ಮಕ್ಕಳನ್ನು ಕರೆದುಕೊಂಡು ಹೋಗಲಿ. ಜೋಜಿ ಲಾ ಕಣಿವೆಯ ಕಥೆಯನ್ನು ಹೇಳಿದ ಮೇಲೆ, ದಾರಿಯನ್ನು ಕಡಿದ ಸ್ಯಾಪರುಗಳನ್ನೂ, ಬೇರೆ ಧ್ವಜದ ಕೆಳಗೆ ನಿಂತ ಅಣ್ಣನನ್ನೂ, ಮರಳದ ತಮ್ಮನನ್ನೂ ನೆನೆಯಿಸಲಿ. ಹೊರಗೆ ಬರುವಾಗ ಅಂಗಳದ ಸ್ಮಾರಕದ ಮುಂದೆ ಒಂದು ಕ್ಷಣ ನಿಲ್ಲಲಿ. ಸಾವಾದ ಮನೆಯಲ್ಲಿ ಕೊಡವರು ಹಾರಿಸುವ ಎರಡು ಗುಂಡುಗಳ ಸದ್ದನ್ನು ಕೇಳಿದ ನೆರೆಯವರು ಕೈಯಲ್ಲಿದ್ದ ಕೆಲಸವನ್ನು ಬಿಟ್ಟು ಆ ಮನೆಯ ಕಡೆಗೆ ನಡೆಯುತ್ತಿದ್ದರು. ದೂರದ ಹಿಮದಲ್ಲಿಯೂ ಪರದೇಶದ ಹೊಲಗಳಲ್ಲಿಯೂ ಮಡಿದವರಿಗೆ ಆ ಗುಂಡುಗಳನ್ನು ಹಾರಿಸುವವರು ಯಾರೂ ಇರಲಿಲ್ಲ. ಆ ಸದ್ದು ಕೇಳಿಸದೆ ಹೋದುದರಿಂದ ನೆರೆಯವರ ಕರ್ತವ್ಯವು ತಪ್ಪಿಹೋಗಲಿಲ್ಲ, ತಡವಾಯಿತು, ಅಷ್ಟೆ.